ಐತ್ವಾರ ಫ್ಯಾಂಟಸಿ ಸ್ಟಾರ್ 4 ಹಚ್ಚೋಣು
ಎಲ್ಲಾರೂ ನೋಡ್ರಿ, ಐತ್ವಾರ ಸಂಜಿಕಿ ಸೂಪರ್ ಮಾರ್ಕೆಟ್ ಹತ್ರ ನಮ್ಮ ರೂಮಿನ್ಯಾಗ ಕೂಡ್ತೀವಲ್ಲ, ಈ ಸಲ ಫೈನಲ್ ಫ್ಯಾಂಟಸಿ ಬ್ಯಾಡ, ಫ್ಯಾಂಟಸಿ ಸ್ಟಾರ್ 4 ವಿಡಿಯೋ ಗೇಮ್ ಹಚ್ಚೋಣು. 1993ರಾಗ ಸೆಗಾ ಕಂಪನಿಯವರು ತಮ್ಮ ಮೆಗಾ ಡ್ರೈವ್ ಕನ್ಸೋಲ್‌ಗೆ ಮಾಡಿದ್ದು, ಅಮೆರಿಕಾಕ್ಕ ಬರ್ಲಾಕ 1995 ಆಯ್ತು, ರೇಟೂ ಸುಮಾರು 100 ಡಾಲರ್, ಅಷ್ಟೊತ್ತಿಗೆ ಮಂದಿ ಕಣ್ಣು ಹೊಸ ಕನ್ಸೋಲ್ ಮ್ಯಾಲ, ಹಿಂಗಾಗಿ ಪಾಪ ಮೂಲ್ಯಾಗ ಉಳಿತು. ಖರೇ ಮಜಾ ಫೈಟ್‌ನ್ಯಾಗ ಅದ: ಫೋಯಿ, ವಾಟ್, ತ್ಸು ಅನ್ನೂ ಮಂತ್ರ ಮೂರೂ ಒಂದರ ಬೆನ್ನಿಗೊಂದು ಬಿಟ್ರ ಕೂಡಿ ಟ್ರೈಬ್ಲಾಸ್ಟರ್ ಅನ್ನೂ ಒಂದೇ ದೊಡ್ಡ ಹೊಡ್ತ ಆಗ್ತದ, ನಡುವ ವೈರಿ ಹೊಕ್ಕರ ಕೆಡ್ತದ, ಅದಕ್ಕ ಆರ್ಡರ್ ಮೊದಲೇ ಮ್ಯಾಕ್ರೋದಾಗ (ಯಾರ ಹಿಂದ ಯಾರು ಏನ್ ಮಾಡ್ಬೇಕಂಬೂ ಪಟ್ಟಿ) ಸೇವ್ ಮಾಡಿಡೂದು. ಕಥಿ ಕಾಮಿಕ್ಸ್ ಚೌಕದಂಗ ಒಂದರ ಮ್ಯಾಲೊಂದು ತೆರಕೋತ ಹೋಗ್ತದ. ಆಟದಾಗಿನ ಆಲಿಸ್ ಅನ್ನೂ ಪಾತ್ರದ ಕಥಿ ಗೊತ್ತಿದ್ದವ್ರು ಬಾಯಿ ಮುಚಕೊಂಡು ಕೂಡ್ರಿ! ಆಟ ಒಬ್ಬರದೇ, ಕಂಟ್ರೋಲರ್ ಪಾಳಿ ಪ್ರಕಾರ. ಯಾರರೆ ಎಕ್ಸ್‌ಟೆನ್ಶನ್ ಬೋರ್ಡ್ ತರ್ರಿ.