‘ಮೊದಲ’ ಅನ್ನೋ ಪದ ಹೊಡೆದು ಹಾಕು

ಪ್ರೀತಿಯ ತಂಗೀ,

ಅಮೆರಿಕದ ಆಟಗಾರ ಗಸ್ ಡೊರೈಸ್ ಬಗ್ಗೆ ನೀನು ಬರೆದ ಲೇಖನವನ್ನು ಎರಡು ಸಲ ಓದಿದೆ. ಒಮ್ಮೆ ಸುಮ್ನೆ, ಇನ್ನೊಮ್ಮೆ ಪೆನ್ಸಿಲ್ ಹಿಡಿದು. ಪೆನ್ಸಿಲ್ ಮೊದಲ ಸಾಲಿನಲ್ಲೇ ನಿಂತುಬಿಟ್ಟಿತು. ‘ಅಮೆರಿಕನ್ ಫುಟ್‌ಬಾಲ್‌ನಲ್ಲಿ ಚೆಂಡನ್ನು ಮುಂದಕ್ಕೆ ಎಸೆದ ಮೊದಲ ಕ್ವಾರ್ಟರ್‌ಬ್ಯಾಕ್’ ಅಂತ ಬರೆದಿದ್ದೀಯ. ಅವನಲ್ಲ.

1905ರಲ್ಲಿ, ಚೆಂಡನ್ನು ಕೈಯಲ್ಲಿ ಹಿಡಿದು ನುಗ್ಗುವ ಆ ಆಟದಲ್ಲಿ ಹುಡುಗರು ಸಾಯುತ್ತಿದ್ದಾರೆ ಅಂತ ದೊಡ್ಡ ಗಲಾಟೆಯೇ ಆಯಿತು. ಅಧ್ಯಕ್ಷ ರೂಸ್‌ವೆಲ್ಟ್ ಕಾಲೇಜುಗಳವರನ್ನು ಶ್ವೇತಭವನಕ್ಕೆ ಕರೆಸಿ ಮಾತಾಡಿದರು. ಒಬ್ಬರ ಮೇಲೊಬ್ಬರು ರಾಶಿ ಬೀಳೋದು ಕಡಿಮೆಯಾಗಲಿ ಅಂತ ಅಲ್ಲಿಯವರೆಗೆ ಬೇಡ ಅಂದಿದ್ದ ಮುಂದಕ್ಕೆ ಎಸೆಯೋದನ್ನು 1906ರಲ್ಲಿ ಬಿಟ್ಟುಕೊಟ್ಟರು. ಆ ಸೆಪ್ಟೆಂಬರಿನಲ್ಲೇ ಸೇಂಟ್ ಲೂಯಿಸ್ ವಿಶ್ವವಿದ್ಯಾಲಯದ ಬ್ರಾಡ್‌ಬರಿ ರಾಬಿನ್ಸನ್ ಎಸೆದಾಗಿತ್ತು. ನಿನ್ನ ಡೊರೈಸ್ ಹೆಸರು ಮಾಡಿದ್ದು ಏಳು ವರ್ಷ ಆದಮೇಲೆ.

ನನಗೂ ಈ ಚಟ ಇತ್ತು. ಒಬ್ಬ ಪೈಲ್ವಾನರ ಬಗ್ಗೆ ಬರೆಯುವಾಗ ‘ತಾಲೂಕಿನಲ್ಲೇ ಮೊದಲ ಬಾರಿಗೆ’ ಅಂತ ಸೇರಿಸಿದ್ದೆ. ಓದಲು ಚೆನ್ನಾಗಿತ್ತು. ವಾರದೊಳಗೆ ಒಬ್ಬ ಮುದುಕರು ಹಳೇ ಫೋಟೋ ಹಿಡಿದು ಮನೆ ಬಾಗಿಲಿಗೆ ಬಂದರು. ಫೋಟೋದಲ್ಲಿ ಅವರಪ್ಪ, ಹೆಗಲ ಮೇಲೆ ಬೆಳ್ಳಿ ಗದೆ. ಬೈಯಲಿಲ್ಲ, ಕಾಫಿ ಕುಡಿದು ಹೋದರು. ಬೈದಿದ್ದರೇ ವಾಸಿಯಿತ್ತು.

‘ಮೊದಲ’ ತೆಗೆದರೆ ಡೊರೈಸ್ ಏನೂ ಸಣ್ಣವನಾಗೋದಿಲ್ಲ. ನಿನ್ನ ಕೈಯಲ್ಲಿ ಅದಕ್ಕಿಂತ ಒಳ್ಳೆಯ ಸರಕಿದೆ, ಅದನ್ನು ನಾಲ್ಕನೇ ಪುಟದಲ್ಲಿ ಒಂದೇ ಸಾಲಿಗೆ ಮುಗಿಸಿದ್ದೀಯ. ಅದೇ 1913ರ ಬೇಸಿಗೆ. ನೋಟರ್ ಡೇಮ್ ವಿಶ್ವವಿದ್ಯಾಲಯದ ಇಬ್ಬರು ಹುಡುಗರು, ಡೊರೈಸ್ ಮತ್ತು ಅವನ ರೂಮ್‌ಮೇಟ್ ಕ್ನೂಟ್ ರಾಕ್ನಿ, ರಜೆಯ ಕೆಲಸಕ್ಕೆ ಅಂತ ಒಹಾಯೊದ ಸೀಡರ್ ಪಾಯಿಂಟ್‌ಗೆ ಹೋಗ್ತಾರೆ. ಈರಿ ಸರೋವರದ ದಂಡೆ. ಬಿಡುವು ಸಿಕ್ಕಾಗೆಲ್ಲ ಮರಳಿನ ಮೇಲೆ ಒಬ್ಬ ಎಸೀತಾನೆ, ಒಬ್ಬ ಓಡ್ತಾನೆ. ಇಲ್ಲಿ ನಿಲ್ಲು. ಮರಳಲ್ಲಿ ಓಡಿದರೆ ಕಾಲು ಹೂತುಹೋಗುತ್ತೆ, ಅಲ್ವಾ? ಅವತ್ತಿನ ಚೆಂಡು ಇವತ್ತಿನಷ್ಟು ಚೂಪಲ್ಲ, ಹೊಟ್ಟೆ ದಪ್ಪ. 1912ರಲ್ಲಿ ಅದನ್ನು ಸ್ವಲ್ಪ ತೆಳುವಾಗಿಸಿದ್ದರು. ಇಪ್ಪತ್ತು ಗಜಕ್ಕಿಂತ ದೂರ ಎಸೆಯಬಾರದು ಅನ್ನೋ ಕಟ್ಟುಪಾಡನ್ನೂ ಆಗಲೇ ತೆಗೆದಿದ್ದರು. ಅವಕಾಶ ಎಲ್ಲರಿಗೂ ಇತ್ತು. ಆ ಬೇಸಿಗೆಯನ್ನೆಲ್ಲ ಅದಕ್ಕೇ ಸುರಿದವರು ಇವರು. ಅಷ್ಟು ಬರಿ.

ನವೆಂಬರ್ 1ರಂದು ವೆಸ್ಟ್ ಪಾಯಿಂಟ್‌ನಲ್ಲಿ ಆರ್ಮಿ, ಅಂದರೆ ಅಲ್ಲಿನ ಸೇನಾ ಅಕಾಡೆಮಿಯ ತಂಡದ ವಿರುದ್ಧದ ಆಟ. ಅರ್ಧ ಆಟಕ್ಕೆ ನೋಟರ್ ಡೇಮ್ 14-13 ಮುಂದೆ, ಕೊನೆಗೆ 35-13 ಗೆಲುವು. ಡೊರೈಸ್ ಹದಿನೇಳು ಸಲ ಎಸೆದ, ಹದಿನಾಲ್ಕು ಸಲ ಚೆಂಡು ತನ್ನವರ ಕೈ ಸೇರಿತು. 243 ಗಜ. ಈ ಅಂಕಿಗಳನ್ನು ಒಂದೇ ಕಡೆ ಕೊಟ್ಟು ಮುಂದೆ ಹೋಗು, ಮೂರು ಕಡೆ ಬೇಡ. ಕ್ವಾರ್ಟರ್‌ಬ್ಯಾಕ್ ಅಂದರೆ ಯಾರು ಅಂತ ಒಂದು ಮಾತು ಹೇಳಿಬಿಡು. ಆಟ ನಡೆಸುವವನು, ಮುಂದಿನ ಪಟ್ಟು ಏನು ಅಂತ ಕೂಗಿ ಹೇಳುವವನು. ನಮ್ಮವರಿಗೆ ಫುಟ್‌ಬಾಲ್ ಅಂದರೆ ಕಾಲಲ್ಲಿ ಒದೆಯೋದು, ನೆನಪಿರಲಿ.

ಇನ್ನು ನೀನು ಮುಟ್ಟದೇ ಬಿಟ್ಟ ಜಾಗ. ಆ ದಿನದ ಹೆಸರೆಲ್ಲ ಹೋಗಿದ್ದು ಎಸೆದವನಿಗಲ್ಲ, ಹಿಡಿದವನಿಗೆ. ರಾಕ್ನಿ ನೋಟರ್ ಡೇಮ್‌ನ ಕೋಚ್ ಆದ, 1931ರಲ್ಲಿ ವಿಮಾನ ಬಿದ್ದು ಸತ್ತ, ಅವನ ಮೇಲೆ ಸಿನಿಮಾನೂ ಬಂತು. ಡೊರೈಸ್ 1919ರಲ್ಲಿ ಅದೇ ಗೆಳೆಯನ ಕೈಕೆಳಗೆ ಸಹಾಯಕ ಕೋಚ್ ಆಗಿ ಕೆಲಸ ಮಾಡಿದ. ಆಮೇಲೆ ಗೊನ್ಜಾಗ ವಿಶ್ವವಿದ್ಯಾಲಯದ ಕೋಚ್, ಆಮೇಲೆ 1925ರಿಂದ 1942ರವರೆಗೆ ಡೆಟ್ರಾಯಿಟ್ ವಿಶ್ವವಿದ್ಯಾಲಯ, ಕೊನೆಗೆ ವೃತ್ತಿಪರ ತಂಡ ಡೆಟ್ರಾಯಿಟ್ ಲಯನ್ಸ್. ಹೊಟ್ಟೆಕಿಚ್ಚು ಇತ್ತು ಅಂತ ಊಹಿಸಿ ಬರೀಬೇಡ, ನಮಗೆ ಗೊತ್ತಿಲ್ಲ. ಆದರೆ ಇದೊಂದು ಬಿಡಬೇಡ. ಎಸೆತಕ್ಕೆ ಹೆಸರಾದ ಈ ಮನುಷ್ಯನ ಲಯನ್ಸ್ ತಂಡ 1943ರ ನವೆಂಬರಿನಲ್ಲಿ ನ್ಯೂಯಾರ್ಕ್ ಜೈಂಟ್ಸ್ ವಿರುದ್ಧ 0-0 ಮಾಡಿಕೊಂಡಿತು. ವೃತ್ತಿಪರ ತಂಡಗಳ ಆ ಲೀಗ್‌ನಲ್ಲಿ (ಎನ್‌ಎಫ್‌ಎಲ್) ಅದಾದ ಮೇಲೆ ಇವತ್ತಿನವರೆಗೂ ಯಾವ ಆಟವೂ ಸೊನ್ನೆ-ಸೊನ್ನೆಯಲ್ಲಿ ಮುಗಿದಿಲ್ಲ. ನನಗೆ ಓದಿ ನಗು ಬಂತು, ಆಮೇಲೆ ಪಾಪ ಅನಿಸಿತು.

ಅವನು ತೀರಿಕೊಂಡಿದ್ದು 1954ರ ಜನವರಿಯಲ್ಲಿ. ಆ ಪ್ಯಾರಾದಲ್ಲಿ ‘ಕಾಲನ ಕರೆಗೆ ಓಗೊಟ್ಟರು’ ಅಂತ ಇದೆ. ಸತ್ತ ಅಂತಲೇ ಬರಿ.

ದಂಡೆಯ ಭಾಗ ಎರಡು ಪುಟ ಆದರೂ ಪರವಾಗಿಲ್ಲ. ಮೊದಲು ಅದನ್ನೇ ಬರೆದು ಕಳಿಸು, ಉಳಿದದ್ದು ಆಮೇಲೆ ನೋಡೋಣ. ಮುಂದಿನ ವಾರ ನನ್ನ ಕಣ್ಣಿನ ಆಪರೇಷನ್ ಇದೆ, ಅಕ್ಷರ ಸ್ವಲ್ಪ ದೊಡ್ಡದಾಗಿರಲಿ.

ನಿನ್ನ ಅಣ್ಣ