ಆ ಫೋನ್ ನಂಬರ್ ಯಾರದು ಅಂತ ಒಮ್ಮೆ ಕೇಳಿ

ಸಂಪಾದಕರಿಗೆ ನಮಸ್ಕಾರ.

ಗದಗ-ಬೆಟಗೇರಿಯಲ್ಲಿ ನನ್ನದೊಂದು ಔಷಧ ಅಂಗಡಿ ಇದೆ. 22 ವರ್ಷವಾಯಿತು. ಮೊದಲು ಜನ ಚೀಟಿ ತರುತ್ತಿದ್ದರು. ಮಡಚಿ ಮಡಚಿ ಹರಿದ ಚೀಟಿ, ಎಲೆಅಡಿಕೆ ಚೀಲದಲ್ಲಿಟ್ಟು ಕಲೆಯಾದ ಚೀಟಿ. ಈಗ ಫೋನ್ ಕೊಡುತ್ತಾರೆ. ಲಾಕ್ ತೆಗೆದು, ವಾಟ್ಸಾಪ್ ತೆರೆದು, ಇಡೀ ಫೋನನ್ನೇ ನನ್ನ ಕೈಗಿಟ್ಟು "ಅಣ್ಣಾರ, ಇದರಾಗ ಐತಿ ನೋಡ್ರಿ, ನೀವ ಹುಡುಕ್ರಿ" ಅನ್ನುತ್ತಾರೆ. ಹುಡುಕುವಾಗ ನನಗೆ ಸಂಬಂಧವಿಲ್ಲದ್ದೂ ಕಣ್ಣಿಗೆ ಬೀಳುತ್ತದೆ. ಸೊಸೆಯ ಸ್ಕ್ಯಾನಿಂಗ್, ಮಗನ ರಕ್ತ ಪರೀಕ್ಷೆ, ಪಕ್ಕದ ಮನೆಯವರು ಕಳಿಸಿದ ಇನ್ನೇನೋ ರಿಪೋರ್ಟ್. ಅವನ್ನು ನೋಡುವ ಹಕ್ಕು ನನಗಿಲ್ಲ. ಆದರೆ ದಿನವೂ ನೋಡುತ್ತಿದ್ದೇನೆ. ಅದಕ್ಕೇ ಈ ಪತ್ರ.

ಡಿಜಿಟಲ್ ಬೇಡ ಅಂತ ನಾನು ಹೇಳುತ್ತಿಲ್ಲ. ಮೊದಲೆಲ್ಲ ಇಲ್ಲಿಂದ ಹುಬ್ಬಳ್ಳಿ ಕಿಮ್ಸ್‌ಗೆ ಹೋಗುವವರು ಎಕ್ಸ್-ರೇ ಹಾಳೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಕೊಂಡು, ಬಸ್ಸಿನಲ್ಲಿ ಮಡಿಲ ಮೇಲಿಟ್ಟುಕೊಂಡು ಹೋಗುತ್ತಿದ್ದರು. ಫೈಲು ಮನೆಯಲ್ಲೇ ಬಿಟ್ಟು ಹೋದರೆ ಮತ್ತೆ ಪರೀಕ್ಷೆ, ಮತ್ತೆ ಖರ್ಚು. ಈಗ ಫೋನಿನಲ್ಲಿ ಹಳೆಯ ರಿಪೋರ್ಟ್ ಇದ್ದರೆ ಡಾಕ್ಟರು ಅಲ್ಲೇ ನೋಡುತ್ತಾರೆ. ಸರ್ಕಾರದ ಇ-ಸಂಜೀವಿನಿ ಸೇವೆ ಬಂದ ಮೇಲೆ ಹಳ್ಳಿಯ ಆರೋಗ್ಯ ಕೇಂದ್ರದಲ್ಲೇ ಕೂತು ದೂರದ ಡಾಕ್ಟರ ಜೊತೆ ಮಾತಾಡಬಹುದು. ಮುದುಕರಿಗೆ, ಒಂದು ದಿನದ ಕೂಲಿ ಬಿಡಲಾಗದವರಿಗೆ ಇದು ಸಣ್ಣ ಉಪಕಾರ ಅಲ್ಲ.

ನನ್ನ ಚಿಂತೆ ಬೇರೆ. ದವಾಖಾನೆಯಲ್ಲಿ, ಲ್ಯಾಬಿನಲ್ಲಿ ಹೆಸರು ಬರೆಸುವಾಗ ಒಂದು ಫೋನ್ ನಂಬರ್ ಕೇಳುತ್ತಾರಲ್ಲ, ಅದು ಯಾರದು?

ನಮ್ಮ ಮನೆಯದೇ ಮಾತು ಹೇಳುತ್ತೇನೆ. ನನ್ನ ತಂಗಿಯ ಮಗಳನ್ನು ಕೇಳಿಯೇ ಬರೆಯುತ್ತಿದ್ದೇನೆ, ಆಕೆಯ ಹೆಸರು, ಊರು ಮಾತ್ರ ಬೇಡ. ಆಕೆ ಒಂದು ಲ್ಯಾಬಿನಲ್ಲಿ ಗರ್ಭ ಪರೀಕ್ಷೆ ಮಾಡಿಸಿದಳು. ಬೈಕಿನಲ್ಲಿ ಕರೆದುಕೊಂಡು ಹೋಗಿದ್ದವನು ಮೈದುನ, ಕೌಂಟರಿನಲ್ಲಿ ನಂಬರ್ ಹೇಳಿದ್ದೂ ಅವನೇ. ಆಕೆಗೆ ಸ್ವಂತ ಫೋನ್ ಇರಲಿಲ್ಲ. ಸಂಜೆ ರಿಪೋರ್ಟ್ ಅವನ ವಾಟ್ಸಾಪ್‌ಗೆ ಬಂತು. ಹುಡುಗ ಕೆಟ್ಟವನಲ್ಲ, ಖುಷಿಯಾಗಿ ಮನೆತನದ ಗ್ರೂಪಿಗೆ ಹಾಕಿಬಿಟ್ಟ. ಆಕೆ ತನ್ನ ತಾಯಿಗೆ ಹೇಳುವ ಮುಂಚೆ ಬೀಗರು, ಬೀಗರ ಬೀಗರು ಎಲ್ಲರಿಗೂ ಗೊತ್ತಾಯಿತು. ಮೊದಲೊಮ್ಮೆ ಗರ್ಭ ಇಳಿದಿತ್ತು, ಅದಕ್ಕೇ ಮೂರು ತಿಂಗಳು ತುಂಬುವ ತನಕ ಯಾರಿಗೂ ಹೇಳಬಾರದು ಅಂದುಕೊಂಡಿದ್ದಳು. ಆ ಸಲವೂ ನಿಲ್ಲಲಿಲ್ಲ. ಆಮೇಲೆ ಎದುರಿಗೆ ಬಂದವರೆಲ್ಲ "ಎಷ್ಟನೇ ತಿಂಗಳವಾ?" ಅಂತ ಕೇಳೋದು, ಆಕೆ ಒಬ್ಬೊಬ್ಬರಿಗೂ ಅದೇ ಮಾತು ಹೇಳೋದು. ಎರಡು ತಿಂಗಳು ಮನೆಯಿಂದ ಹೊರಗೆ ಬರಲಿಲ್ಲ.

ಇಲ್ಲಿ ಯಾವ ಹ್ಯಾಕರ್ ಇದ್ದ ಹೇಳಿ? 2022ರ ನವೆಂಬರ್ 23ರಂದು ದೆಹಲಿಯ ಏಮ್ಸ್ ಸರ್ವರ್ ಮೇಲೆ ದಾಳಿಯಾದಾಗ ನೀವೆಲ್ಲ ದೊಡ್ಡದಾಗಿ ಬರೆದಿರಿ, ಬರೆಯಲೇಬೇಕಿತ್ತು. ಹೆಸರು ಬರೆಸುವುದು, ಲ್ಯಾಬ್ ರಿಪೋರ್ಟ್ ಎಲ್ಲ ಎಷ್ಟೋ ದಿನ ಕೈಬರಹದಲ್ಲೇ ನಡೆಯಿತು. ಅಂಥ ದಾಳಿ ತಡೆಯಲು ದೊಡ್ಡವರಿದ್ದಾರೆ. ನಮ್ಮ ಕೌಂಟರುಗಳಲ್ಲಿ ದಿನವೂ ಆಗುವ ಸೋರಿಕೆಗೆ ಯಾರಿದ್ದಾರೆ? ಒಂದೇ ಪಾಸ್‌ವರ್ಡ್ ಎಲ್ಲರಿಗೂ ಗೊತ್ತು, ಅದನ್ನೂ ಚೀಟಿಯಲ್ಲಿ ಬರೆದು ಕಂಪ್ಯೂಟರಿಗೇ ಅಂಟಿಸಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ನಮ್ಮ ಆರೋಗ್ಯ ದಾಖಲೆಗಳನ್ನು ಒಂದೆಡೆ ಜೋಡಿಸಲು ಸರ್ಕಾರ ಕೊಡುವ ಆಭಾ ಕಾರ್ಡಿನ ಮಾತೂ ಇದೇ. 14 ಅಂಕಿಯ ಆ ನಂಬರ್ ಒಳ್ಳೆಯದು, ಬೇಕಾದವರು ಮಾಡಿಸಬಹುದು, ಬಲವಂತ ಇಲ್ಲ. ನಮ್ಮ ಒಪ್ಪಿಗೆ ಇಲ್ಲದೆ ನಮ್ಮ ದಾಖಲೆ ಬೇರೆ ಡಾಕ್ಟರಿಗೆ ಹೋಗುವುದಿಲ್ಲ ಅನ್ನುವುದೇ ಅದರ ದೊಡ್ಡ ಭರವಸೆ. ಆದರೆ ಓಟಿಪಿ ಬರುವುದು ಫೋನಿಗೆ, ಒಪ್ಪಿಗೆ ಕೊಡುವುದೂ ಫೋನಿನಲ್ಲೇ. ಮನೆಗೊಂದೇ ಫೋನ್ ಇದ್ದು, ಅದೂ ಬೆಂಗಳೂರಿನಲ್ಲಿ ಕೆಲಸ ಮಾಡುವ ಮಗನ ಹತ್ತಿರ ಇದ್ದರೆ, ಆ ತಾಯಿಯ ಪರವಾಗಿ ಒಪ್ಪಿಗೆ ಕೊಡುವವರು ಯಾರು? ಫೋನ್ ಕೈಯಲ್ಲಿದ್ದವರು. ಕ್ಷಯ, ಮಾನಸಿಕ ಕಾಯಿಲೆ, ಗರ್ಭ, ಇವೆಲ್ಲ ನಮ್ಮ ಕಡೆ ಇನ್ನೂ ಬಾಯಿಬಿಟ್ಟು ಹೇಳುವ ಮಾತುಗಳಲ್ಲ. ಮನೆಯವರಿಗೆ ಗೊತ್ತಾಗುತ್ತದೆ ಅಂತ ದವಾಖಾನೆಗೇ ಹೋಗದೆ ನನ್ನ ಅಂಗಡಿಗೆ ಬಂದು "ಏನಾರ ಗುಳಿಗಿ ಕೊಡ್ರಿ" ಅನ್ನುವವರು ಇದ್ದಾರೆ. ನನಗೆ ಭಯವಾಗುವುದು ಅದಕ್ಕೇ.

ಕಾನೂನು ಇಲ್ಲವೆಂದಲ್ಲ. ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣೆ ಕಾಯ್ದೆ 2023ರಲ್ಲೇ ಬಂತು. ದಂಡ 250 ಕೋಟಿ ರೂಪಾಯಿವರೆಗೂ ಇದೆ. ನಿಯಮಗಳು 2025ರ ನವೆಂಬರಿನಲ್ಲಿ ಹೊರಬಂದವು, ಮುಖ್ಯ ಭಾಗಗಳಿಗೆ ಒಂದೂವರೆ ವರ್ಷದ ಕಾಲಾವಕಾಶ ಕೊಟ್ಟಿದ್ದಾರೆ. ಒಪ್ಪಿಗೆ ಕೇಳುವಾಗ ಇಂಗ್ಲಿಷ್ ಬೇಡ ಅಂದವರಿಗೆ ಕನ್ನಡದಲ್ಲೂ ಓದಲು ಸಿಗಬೇಕು ಅಂತ ಅದೇ ಕಾಯ್ದೆ ಹೇಳುತ್ತದೆ. ನಾನು ಕಂಡ ಫಾರಂಗಳೆಲ್ಲ ಇಂಗ್ಲಿಷಿನಲ್ಲೇ ಇವೆ. "ಇಲ್ಲಿ ಸಹಿ ಮಾಡ್ರಿ" ಅನ್ನುವುದೊಂದೇ ಕನ್ನಡ.

ಬೇರೆಯವರ ತಪ್ಪು ಹೇಳುವಾಗ ನನ್ನದನ್ನೂ ಹೇಳಬೇಕು. ಎಚ್1 ಪಟ್ಟಿಯ ಔಷಧಿ, ಅಂದರೆ ಡಾಕ್ಟರ ಚೀಟಿ ಇಲ್ಲದೆ ಕೊಡಬಾರದ ಕೆಲವು ಔಷಧಿ, ಕೊಟ್ಟರೆ ರೋಗಿಯ ಹೆಸರು, ಡಾಕ್ಟರ ಹೆಸರು ಬರೆದ ರಿಜಿಸ್ಟರನ್ನು ನಾವು 3 ವರ್ಷ ಇಡಬೇಕು. ಅದನ್ನು ಡ್ರಾಯರಿನಲ್ಲಿ ಬೀಗ ಹಾಕಿ ಇಡುತ್ತೇನೆ. ಆದರೆ ಜನ ಚೀಟಿಯ ಫೋಟೋ ಕಳಿಸುವ ಅಂಗಡಿಯ ಫೋನ್ ಲಾಕ್ ಇಲ್ಲದೆ ಟೇಬಲ್ ಮೇಲೆ ಬಿದ್ದಿರುತ್ತಿತ್ತು. ಒಂದು ದಿನ ನನ್ನ ಮಗ ಅದರಲ್ಲಿ ಆಟ ಆಡುತ್ತಾ "ಅಪ್ಪಾ, ಇದು ನಮ್ಮ ಟೀಚರ್ ಹೆಸರು ಅಲ್ವಾ?" ಅಂದ. ಅವತ್ತೇ ಲಾಕ್ ಹಾಕಿದೆ. ಈಗ ಔಷಧಿ ಕೊಟ್ಟು ಬಿಲ್ ಮಾಡಿದ ಮೇಲೆ, ಅಂಗಡಿ ಮುಚ್ಚುವ ಮುಂಚೆ ಆ ಫೋಟೋಗಳನ್ನೆಲ್ಲ ಅಳಿಸುತ್ತೇನೆ. ಹತ್ತು ನಿಮಿಷದ ಕೆಲಸ.

ಹಾಗಾಗಿ ಗದಗ, ಹುಬ್ಬಳ್ಳಿ-ಧಾರವಾಡ, ಹಾವೇರಿಯ ಲ್ಯಾಬು, ದವಾಖಾನೆಗಳವರಲ್ಲಿ ಒಂದು ವಿನಂತಿ. ಹೆಸರು ಬರೆದುಕೊಳ್ಳುವವರು ಪರೀಕ್ಷೆ ಮಾಡಿಸಿಕೊಳ್ಳುವವರನ್ನೇ ಮುಖ ನೋಡಿ ಕೇಳಲಿ, ಜೊತೆಗೆ ಬಂದವರನ್ನಲ್ಲ: "ಈ ನಂಬರ್ ನಿಮ್ಮದಾ? ರಿಪೋರ್ಟ್ ಇದಕ್ಕೆ ಹಾಕಲಾ, ನಿಮ್ಮ ಕೈಗೇ ಕೊಡಲಾ?" ಸ್ವಂತ ಫೋನ್ ಇಲ್ಲದವರಿಗೆ ಕಾಗದದ ರಿಪೋರ್ಟನ್ನು ಲಕೋಟೆಯಲ್ಲಿಟ್ಟು ಕೊಡಿ. ಇದಕ್ಕೆ ಹೊಸ ಸಾಫ್ಟ್‌ವೇರ್ ಬೇಡ, ದುಡ್ಡೂ ಬೇಡ. ಜಿಲ್ಲಾ ಆರೋಗ್ಯಾಧಿಕಾರಿಗಳು ಈ ಎರಡು ಪ್ರಶ್ನೆಗಳನ್ನು ಕನ್ನಡದಲ್ಲಿ ಬರೆಸಿ ಪ್ರತಿ ಕೌಂಟರಿನ ಮುಂದೆ ತೂಗುಹಾಕಿಸಲಿ. ನನ್ನ ಅಂಗಡಿಯಲ್ಲಿ ನಾನಾಗಲೇ ಹಾಕಿದ್ದೇನೆ.

ಇಂತಿ,
ಒಬ್ಬ ಔಷಧ ವ್ಯಾಪಾರಿ, ಗದಗ-ಬೆಟಗೇರಿ