ಮಕ್ಕಳ ಜ್ವರ, ಪೋಲಿಯೋ ಹನಿ: ದಯವಿಟ್ಟು ಪೂರ್ತಿ ಓದಿ

ವಿದ್ಯಾನಗರದ ಗುಂಪಿನ ಎಲ್ಲರಿಗೂ ನಮಸ್ಕಾರ.

‘ಪೋಲಿಯೋ ಹೋಯ್ತಲ್ಲ, ಇನ್ನೂ ಹನಿ ಯಾಕೆ?’ ಅಂತ ನಿನ್ನೆ ಇಲ್ಲಿ ಒಬ್ಬರು ಕೇಳಿದ್ದರು. ಒಳ್ಳೆಯ ಪ್ರಶ್ನೆ. ನಮ್ಮ ದೇಶದಲ್ಲಿ ಸಹಜ ಪೋಲಿಯೋ ವೈರಸ್‌ನ ಕೊನೆಯ ಪ್ರಕರಣ ಸಿಕ್ಕಿದ್ದು 2011ರ ಜನವರಿಯಲ್ಲಿ, ಹೌರಾದಲ್ಲಿ. ಆದರೆ ಪಾಕಿಸ್ತಾನ, ಅಫ್ಘಾನಿಸ್ತಾನದಲ್ಲಿ ಅದು ಇನ್ನೂ ಉಳಿದಿದೆ, ಅಲ್ಲಿಂದ ಮತ್ತೆ ಇಲ್ಲಿಗೆ ಬರಬಹುದು. ಸೋಂಕು ತಗುಲಿದ ಹೆಚ್ಚಿನ ಮಕ್ಕಳಲ್ಲಿ ಏನೂ ಕಾಣುವುದಿಲ್ಲ. ಸುಮಾರು 200ರಲ್ಲಿ ಒಬ್ಬರಿಗೆ ಮಾತ್ರ ವೈರಸ್ ಬೆನ್ನುಹುರಿಗೆ ಹೊಕ್ಕು ಕೈಕಾಲು ಸೋಲುತ್ತವೆ. ಆಮೇಲೆ ವಾಸಿ ಮಾಡುವ ಔಷಧಿ ಇಲ್ಲ. ಹಾಗಾಗಿ ಹನಿಯನ್ನೂ ಇಂಜೆಕ್ಷನ್ ಅನ್ನೂ ತಪ್ಪಿಸಬೇಡಿ. ಲಸಿಕೆಗಳನ್ನು ಬರೆದಿಡುವ ತಾಯಿ ಕಾರ್ಡ್ ತೆಗೆದು, ಯಾವುದಾದರೂ ಬಾಕಿ ಇದೆಯಾ ಅಂತ ಇವತ್ತೇ ಒಮ್ಮೆ ನೋಡಿ.

ಇನ್ನೊಂದು ಮಾತು. ಜ್ವರದ ಜೊತೆ ಜೋರು ತಲೆನೋವು, ವಾಂತಿ, ಕುತ್ತಿಗೆ ಬಗ್ಗಿಸಲು ಆಗದಿರುವುದು, ಬೆಳಕು ಕಂಡರೆ ಕಣ್ಣು ಮುಚ್ಚುವುದು, ಮಂಕು, ಫಿಟ್ಸ್ ಕಂಡರೆ ಮನೆಮದ್ದು ಮಾಡುತ್ತಾ ಕೂರಬೇಡಿ, ರಾತ್ರಿಯಾದರೂ ಆಸ್ಪತ್ರೆಗೆ ಹೋಗಿ. ಎಳೆಗೂಸು ಹಾಲು ಬಿಟ್ಟು ಸುಮ್ನೆ ಜೋತು ಬಿದ್ದರೂ ಅಷ್ಟೇ. ಇವು ಮೆದುಳಿನ ಪೊರೆಯ ಉರಿಯೂತದ (ಮೆನಿಂಜೈಟಿಸ್) ಲಕ್ಷಣ ಇರಬಹುದು. ವೈರಸ್‌ನಿಂದ ಬಂದದ್ದು ಎಷ್ಟೋ ಸಲ ತಾನಾಗಿ ಇಳಿಯುತ್ತದೆ. ಬ್ಯಾಕ್ಟೀರಿಯಾದಿಂದ ಬಂದದ್ದು ಗಂಟೆಗಳಲ್ಲೇ ಜೀವಕ್ಕೆ ಕುತ್ತು. ಹೊರಗಿನಿಂದ ನೋಡಿದರೆ ಎರಡೂ ಒಂದೇ ಥರ. ಯಾವುದು ಅಂತ ಗೊತ್ತಾಗುವುದು ಬೆನ್ನಿಗೆ ಸೂಜಿ ಹಾಕಿ, ಬೆನ್ನುಹುರಿಯ ಸುತ್ತಲಿನ ನೀರು ತೆಗೆದು ಪರೀಕ್ಷೆ ಮಾಡಿದಾಗಲೇ. ‘ಬೆನ್ನಿಗೆ ಸೂಜಿ ಹಾಕಿದರೆ ಸೊಂಟ ಹೋಗುತ್ತದೆ’ ಅನ್ನುವ ಮಾತನ್ನು ದಯವಿಟ್ಟು ನಂಬಬೇಡಿ, ಆ ಹೆದರಿಕೆಯಲ್ಲೇ ಹೊತ್ತು ಕಳೆದುಹೋಗುತ್ತದೆ.